ಕೂಸು ಕಂಕುಳಲ್ಲಿ, ಬಿ.ಇಡಿ. ಸೀಟು ಬಳ್ಳಾರಿಯಲ್ಲಿ

ಬಳ್ಳಾರಿ ಸೀಮೆಯಲ್ಲಿ ಬಿ.ಇಡಿ. ಸೇರಲು ಬರುವ ಹೆಣ್ಣುಮಕ್ಕಳಲ್ಲಿ ಒಂದು ಬಗೆಯವರನ್ನು ಕಾಲೇಜಿನ ಮಾಹಿತಿ ಪುಸ್ತಕಗಳು ಲೆಕ್ಕಕ್ಕೇ ಹಿಡಿದಿರುವುದಿಲ್ಲ. ಪದವಿ ಮುಗಿದ ವರ್ಷವೇ ಮದುವೆ, ಗಂಡನ ಹಿಂದೆ ದುಬೈಗೋ ಮಸ್ಕತ್ತಿಗೋ ಅಮೆರಿಕಕ್ಕೋ ಪಯಣ, ಅಲ್ಲೇ ಹೆರಿಗೆ. ಆಮೇಲೆ ಯಾವುದೋ ಒಂದು ವರ್ಷ ಎಲ್ಲ ತಲೆಕೆಳಗು. ಗಂಡನ ಕೆಲಸ ಹೋಗುತ್ತದೆ, ವೀಸಾ ಮುಗಿಯುತ್ತದೆ, ಸಂಸಾರ ಒಡೆಯುತ್ತದೆ, ಇಲ್ಲವೇ ಗಂಡನೇ ಇಲ್ಲವಾಗುತ್ತಾನೆ. ಕೂಸನ್ನೆತ್ತಿಕೊಂಡು ಸಿರುಗುಪ್ಪಕ್ಕೋ ಕುರುಗೋಡಿಗೋ ತವರಿಗೆ ಬಂದವಳಿಗೆ ಮನೆಯವರೆಲ್ಲ ಹೇಳುವ ಮಾತು ಒಂದೇ: "ಬಿ.ಇಡಿ. ಮಾಡವ್ವ, ಎಲ್ಲಾದ್ರೂ ಟೀಚರ್ ಕೆಲ್ಸ ಸಿಗ್ತೈತಿ."

ಮಾತಿನಲ್ಲಿ ತಪ್ಪಿಲ್ಲ. ಆದರೆ ಸೀಟು ಹಿಡಿಯುವುದನ್ನೇ ದೊಡ್ಡ ಕೆಲಸವೆಂದು ತಿಳಿದು ಓಡಾಡುವವರು ನಡುವೆ ಕೈಚೆಲ್ಲುವುದು ಸೀಟಿನಿಂದಾಗಿ ಅಲ್ಲವೇ ಅಲ್ಲ. ಹಾಜರಾತಿ, ಹಳೆಯ ಕಾಗದಪತ್ರ, ಕೂಸನ್ನು ಹಗಲಿಡೀ ಯಾರು ನೋಡಿಕೊಳ್ಳುತ್ತಾರೆ ಎನ್ನುವುದು, ಈ ಮೂರರಲ್ಲಿ ಒಂದು ಎಡವಟ್ಟಾಗಿರುತ್ತದೆ. ಮೂರನ್ನೂ ಅರ್ಜಿ ಹಾಕುವ ಮೊದಲೇ ಬಗೆಹರಿಸಿಕೊಂಡರೆ ಎರಡು ವರ್ಷ ದಾಟುವುದು ಆಗದ ಮಾತಲ್ಲ. ಈ ಲೇಖನ ಅದಕ್ಕಾಗಿ.

ಮೊದಲು ಯಾವ ಕೋರ್ಸು?

ಮನೆಯವರಿಗೆ ಟೀಚರ್ ಕೆಲಸ ಎಂದರೆ ಎಲ್ಲ ಒಂದೇ. ಸರ್ಕಾರಕ್ಕೆ ಹಾಗಲ್ಲ. 2023ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪಿನ ನಂತರ ಬಿ.ಇಡಿ. ಮಾಡಿದವರು 1ರಿಂದ 5ನೇ ತರಗತಿಯ ಶಿಕ್ಷಕರ ಹುದ್ದೆಗೆ ಅರ್ಹರಲ್ಲ. ಆ ಹುದ್ದೆಗೆ ಡಿ.ಇಎಲ್.ಇಡಿ. ಬೇಕು, ಹಳಬರು ಟಿ.ಸಿ.ಎಚ್., ಡಿ.ಇಡಿ. ಎನ್ನುತ್ತಿದ್ದ ಕೋರ್ಸಿನ ಇಂದಿನ ರೂಪ ಅದು. ಬಿ.ಇಡಿ. ಇರುವುದು 6ನೇ ತರಗತಿಯಿಂದ ಮೇಲಕ್ಕೆ. ಎರಡೂ ಎರಡೆರಡು ವರ್ಷದ ಕೋರ್ಸುಗಳೇ. ಡಿ.ಇಎಲ್.ಇಡಿ.ಗೆ ಪಿಯುಸಿಯಲ್ಲಿ ಶೇ 50, ಬಿ.ಇಡಿ.ಗೆ ಪದವಿಯಲ್ಲಿ ಶೇ 50 ಅಂಕ ಬೇಕು. ಮೀಸಲು ವರ್ಗಗಳಿಗೆ ರಿಯಾಯಿತಿ ಇದೆ. ಎಂಜಿನಿಯರಿಂಗ್ ಪದವಿಯವರೂ ಬಿ.ಇಡಿ. ಸೇರಬಹುದು, ಆದರೆ ಅವರಿಗೆ ಶೇ 55. ಗಂಡನ ಜೊತೆ ಪರದೇಶಕ್ಕೆ ಹೋಗುವ ಮುನ್ನ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದವರು ಇದನ್ನು ನೆನಪಿನಲ್ಲಿಡಿ.

ಸರ್ಕಾರಿ ಕೋಟಾದ ಸೀಟುಗಳಿಗೆ ಶಾಲಾ ಶಿಕ್ಷಣ ಇಲಾಖೆಯ ಕೇಂದ್ರೀಕೃತ ದಾಖಲಾತಿ ಘಟಕ ಅರ್ಜಿ ಕರೆಯುತ್ತದೆ. ಪದವಿಯ ಅಂಕವೇ ಮಾನದಂಡ. ಮೂಲ ದಾಖಲೆ ಪರಿಶೀಲನೆಗೆ ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಗೆ, ಅಂದರೆ ಡಯಟ್‌ಗೆ, ಹೋಗಬೇಕಾಗುತ್ತದೆ. ಕೋರ್ಸಿನ ಜೊತೆಗೇ ಶಿಕ್ಷಕರ ಅರ್ಹತಾ ಪರೀಕ್ಷೆಯ, ಅಂದರೆ ಟಿಇಟಿಯ, ತಯಾರಿಯೂ ನಡೆಯಲಿ: 150 ಪ್ರಶ್ನೆ, ಎರಡೂವರೆ ತಾಸು, ಸಾಮಾನ್ಯ ವರ್ಗಕ್ಕೆ ಶೇ 60, ಪರಿಶಿಷ್ಟರಿಗೆ ಮತ್ತು ಪ್ರವರ್ಗ-1ಕ್ಕೆ ಶೇ 55. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಒಮ್ಮೆ ಪಾಸಾದರೆ ಜೀವನಪೂರ್ತಿ ಊರ್ಜಿತ. ಬಿ.ಇಡಿ.ಯವರು ಬರೆಯಬೇಕಾದದ್ದು 6ರಿಂದ 8ನೇ ತರಗತಿಯ ಎರಡನೇ ಪತ್ರಿಕೆ.

ಒಂದು ವರ್ಷದ ಬಿ.ಇಡಿ. ಮತ್ತೆ ಬರುತ್ತದಂತೆ ಎಂದು ಕಾದು ಕುಳಿತವರೂ ಇದ್ದಾರೆ. ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಮಂಡಳಿ, ಅಂದರೆ ಎನ್‌ಸಿಟಿಇ, 2025ರ ಫೆಬ್ರವರಿಯಲ್ಲಿ ಹೊರಡಿಸಿದ ಕರಡಿನಲ್ಲಿ ಅದು ಇರುವುದು ನಿಜ. ಅದೂ ನಾಲ್ಕು ವರ್ಷದ ಪದವಿ ಅಥವಾ ಸ್ನಾತಕೋತ್ತರ ಪದವಿ ಇದ್ದವರಿಗೆ. ಮೂರು ವರ್ಷದ ಬಿ.ಎ., ಬಿ.ಎಸ್ಸಿ. ಮುಗಿಸಿದವರು ಅದಕ್ಕಾಗಿ ವರ್ಷ ಕಳೆಯುವುದು ಬೇಡ.

ದಿನಗಳ ಲೆಕ್ಕ

ಎನ್‌ಸಿಟಿಇಯ 2014ರ ನಿಯಮಾವಳಿಯಲ್ಲಿ ತಾಯಂದಿರು ಬಾಯಿಪಾಠ ಮಾಡಬೇಕಾದ ಅಂಕಿಗಳು ಕೆಲವೇ. ವರ್ಷಕ್ಕೆ ಕನಿಷ್ಠ 200 ಕೆಲಸದ ದಿನ, ಅದರಲ್ಲಿ ಪರೀಕ್ಷೆಯ ದಿನಗಳು ಸೇರುವುದಿಲ್ಲ. ತರಗತಿಗೆ ಶೇ 80 ಹಾಜರಾತಿ. ಶಾಲಾ ಇಂಟರ್ನ್‌ಶಿಪ್‌ಗೆ ಶೇ 90. ಕೋರ್ಸು ಎರಡು ವರ್ಷದ್ದಾದರೂ ಸೇರಿದ ದಿನದಿಂದ ಮೂರು ವರ್ಷದೊಳಗೆ ಮುಗಿಸಲು ಅವಕಾಶವಿದೆ.

ಇದನ್ನು ಮನೆಯ ಲೆಕ್ಕಕ್ಕೆ ಇಳಿಸಿ ನೋಡೋಣ. 200 ದಿನದ ವರ್ಷದಲ್ಲಿ ಶೇ 80 ಎಂದರೆ ನಿಮ್ಮ ಕೈಯಲ್ಲಿರುವ ಬಿಡುವು 40 ದಿನ. ಕೂಸಿನ ಜ್ವರ, ಲಸಿಕೆ, ಕೋರ್ಟಿನ ತಾರೀಕು, ತಂದೆಯ ಆಸ್ಪತ್ರೆ, ನೆಂಟರ ಮದುವೆ ಎಲ್ಲ ಈ 40ರಲ್ಲೇ ಬರಬೇಕು. ಕೇಳಲು ಧಾರಾಳ ಎನಿಸುತ್ತದೆ, ದಸರೆ ಬರುವ ಹೊತ್ತಿಗೆ ಅರ್ಧ ಖರ್ಚಾಗಿರುತ್ತದೆ. ಎರಡನೇ ವರ್ಷದ 16 ವಾರದ ಇಂಟರ್ನ್‌ಶಿಪ್ ಇದಕ್ಕಿಂತ ಬಿಗಿ. ವಾರಕ್ಕೆ ಆರು ದಿನದಂತೆ 96 ದಿನ. ಶೇ 90ರ ಲೆಕ್ಕದಲ್ಲಿ ಒಂಬತ್ತು ದಿನಕ್ಕಿಂತ ಹೆಚ್ಚು ತಪ್ಪಿಸುವಂತಿಲ್ಲ. ಮಗುವಿಗೆ ಒಂದು ಟೈಫಾಯಿಡ್ ಬಂದರೆ ಒಂಬತ್ತು ದಿನ ಮುಗಿಯಿತು. ಆದ್ದರಿಂದ ಮುಂದೂಡಲು ಆಗುವ ಕೆಲಸವನ್ನೆಲ್ಲ ಇಂಟರ್ನ್‌ಶಿಪ್ ಆಚೆಗೆ ತಳ್ಳಿ. ವಕೀಲರಿಗೆ ನಿಮ್ಮ ಇಂಟರ್ನ್‌ಶಿಪ್ ತಿಂಗಳುಗಳನ್ನು ಮೊದಲೇ ಹೇಳಿಡಿ. ನೀವೇ ಖುದ್ದಾಗಿ ಬರಬೇಕಾದ ತಾರೀಕು ಯಾವುದು, ಅವರು ಹಾಜರಾದರೆ ಸಾಕಾಗುವುದು ಯಾವುದು ಎಂದು ಕೇಳಿಟ್ಟುಕೊಳ್ಳಿ.

ಈ ಬಿಗಿ ನೋಡಿಯೇ ದಲ್ಲಾಳಿಗಳು ಹುಟ್ಟಿಕೊಂಡಿರುವುದು. "ನೀವು ಬರೋದೇ ಬ್ಯಾಡ ಮೇಡಂ, ಪರೀಕ್ಷೆಗೆ ಬಂದ್ರೆ ಸಾಕು" ಎಂಬ ಮಾತು ಎಳೆ ಕೂಸಿನ ತಾಯಿಗೆ ಅಮೃತದ ಹಾಗೆ ಕೇಳಿಸುತ್ತದೆ. ರಾಜ್ಯದ ಗಡಿಯಾಚೆಗಿನ ಕಾಲೇಜಿನ ಹೆಸರು ಹೇಳಿಕೊಂಡೂ ಇವರು ಬರುತ್ತಾರೆ. ಇಂಥ ಸೀಟಿಗೆ ಹಣ ಕಟ್ಟಬೇಡಿ. ಕಾನೂನಿನ ಮಾತು ಹಾಗಿರಲಿ, ಒಂದು ದಿನವೂ ಕರಿಹಲಗೆಯ ಮುಂದೆ ನಿಲ್ಲದೆ ಬಿ.ಇಡಿ. ಕಾಗದ ಹಿಡಿದು ಬಂದವಳನ್ನು ಏಳನೇ ತರಗತಿಯ ಮಕ್ಕಳು ಹತ್ತು ನಿಮಿಷದಲ್ಲಿ ಪತ್ತೆ ಹಚ್ಚುತ್ತಾರೆ. ಮುಕ್ತ ವಿಶ್ವವಿದ್ಯಾಲಯದ ದೂರಶಿಕ್ಷಣ ಬಿ.ಇಡಿ. ಬೇರೆ ವಿಷಯ. ಅದು ಅಧಿಕೃತವೇ, ಆದರೆ ಈಗಾಗಲೇ ಸೇವೆಯಲ್ಲಿರುವ ತರಬೇತಿ ಪಡೆದ ಶಿಕ್ಷಕರಿಗೆ, ಇಲ್ಲವೇ ಡಿ.ಇಎಲ್.ಇಡಿ.ಯಂಥ ಕೋರ್ಸನ್ನು ಕಾಲೇಜಿಗೆ ಹೋಗಿ ಮುಗಿಸಿದವರಿಗೆ. ಹೊಸದಾಗಿ ಬರುವವರಿಗೆ ಆ ಬಾಗಿಲು ಇಲ್ಲ.

ಓದುವಾಗಲೇ ಬಸಿರಾದರೆ? ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2021ರ ಡಿಸೆಂಬರ್ 14ರಂದು ಎಲ್ಲ ಕುಲಪತಿಗಳಿಗೆ ಪತ್ರ ಬರೆದು, ಪದವಿ ಮತ್ತು ಸ್ನಾತಕೋತ್ತರ ವಿದ್ಯಾರ್ಥಿನಿಯರಿಗೂ ಹೆರಿಗೆಗಾಗಿ ಹಾಜರಾತಿ ರಿಯಾಯಿತಿಯ ನಿಯಮ ಮಾಡಿ ಎಂದು ಹೇಳಿದೆ. ಅದಕ್ಕಿಂತ ಗಟ್ಟಿ ಆಧಾರ 2023ರ ಮೇ ತಿಂಗಳ ದೆಹಲಿ ಹೈಕೋರ್ಟ್ ತೀರ್ಪು. ಮೀರತ್‌ನ ಚೌಧರಿ ಚರಣ್ ಸಿಂಗ್ ವಿಶ್ವವಿದ್ಯಾಲಯದ ಎಂ.ಇಡಿ. ವಿದ್ಯಾರ್ಥಿನಿಯೊಬ್ಬರು ಹೆರಿಗೆಗಾಗಿ 59 ದಿನದ ಹಾಜರಾತಿ ರಿಯಾಯಿತಿ ಕೇಳಿದ್ದರು, ವಿಶ್ವವಿದ್ಯಾಲಯ ಇಲ್ಲವೆಂದಿತ್ತು. ಉನ್ನತ ಶಿಕ್ಷಣ ಬೇಕೋ ತಾಯ್ತನ ಬೇಕೋ ಆರಿಸಿಕೋ ಎಂದು ಹೆಣ್ಣನ್ನು ಬಲವಂತಪಡಿಸುವಂತಿಲ್ಲ ಎಂದು ನ್ಯಾಯಾಲಯ ಹೇಳಿತು; ತಿರಸ್ಕಾರದ ಆದೇಶವನ್ನು ರದ್ದುಮಾಡಿ, ಆ 59 ದಿನಗಳನ್ನು ಥಿಯರಿ ತರಗತಿಗಳ ಲೆಕ್ಕಕ್ಕೆ ಪರಿಗಣಿಸಿ ನೋಡಿ ಎಂದಿತು. ದೆಹಲಿಯ ತೀರ್ಪು ಬಳ್ಳಾರಿಯ ವಿಶ್ವವಿದ್ಯಾಲಯವನ್ನು ನೇರವಾಗಿ ಕಟ್ಟಿಹಾಕುವುದಿಲ್ಲ. ಆದರೆ ಅರ್ಜಿಯ ಜೊತೆ ಯುಜಿಸಿ ಪತ್ರದ ಪ್ರತಿಯನ್ನೂ ತೀರ್ಪಿನ ಪ್ರತಿಯನ್ನೂ ಇಟ್ಟುಕೊಟ್ಟರೆ ಪ್ರಾಂಶುಪಾಲರಿಗೆ ಮೇಲಕ್ಕೆ ಬರೆಯಲು ಕೈಗೊಂದು ಆಧಾರ ಸಿಗುತ್ತದೆ. ಬಾಯಿಮಾತಿನಲ್ಲಿ ಕೇಳಬೇಡಿ. ಲಿಖಿತ ಅರ್ಜಿ ಕೊಡಿ, ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ, ತಾಯಿ ಕಾರ್ಡಿನ ಪ್ರತಿ ಲಗತ್ತಿಸಿ. ಇಂಟರ್ನ್‌ಶಿಪ್ ನಡುವೆ ಹೆರಿಗೆ ಬರುವಂತಿದ್ದರೆ ರಿಯಾಯಿತಿಗೆ ಹಟ ಹಿಡಿಯುವ ಬದಲು ಮೂರನೇ ವರ್ಷದ ಅವಕಾಶ ಬಳಸಿಕೊಳ್ಳುವುದು ಮೇಲು ಎನ್ನುವುದು ನನ್ನ ಅಭಿಪ್ರಾಯ.

ಬಸ್ಸು, ಬಿಸಿಲು, ಕೂಸು

ಕುರುಗೋಡಿನಿಂದ ಬಳ್ಳಾರಿ ಮೂವತ್ತು ಕಿಲೋಮೀಟರಿನೊಳಗೆ. ದಿನವೂ ಹೋಗಿ ಬರಬಹುದು. ಸಿರುಗುಪ್ಪದಿಂದ ಸುಮಾರು 55 ಕಿಲೋಮೀಟರು. ಸುಗ್ಗಿಯ ಕಾಲದಲ್ಲಿ ಭತ್ತದ ಲಾರಿ, ಟ್ರ್ಯಾಕ್ಟರುಗಳ ಹಿಂದೆ ತೆವಳುವ ಬಸ್ಸಿನಲ್ಲಿ ಹೋಗಿ ಬರುವಷ್ಟರಲ್ಲಿ ದಿನದ ಮೂರು ತಾಸು ಮುಗಿದಿರುತ್ತದೆ. ಎರಡು ವರ್ಷದೊಳಗಿನ ಕೂಸಿದ್ದವರು ಸಿರುಗುಪ್ಪದಿಂದ ನಿತ್ಯ ಓಡಾಡುವ ಸಾಹಸ ಮಾಡಬೇಡಿ. ಅವ್ವನನ್ನೋ ಅಕ್ಕನನ್ನೋ ಕರೆದುಕೊಂಡು ಬಳ್ಳಾರಿಯಲ್ಲಿ ಕಾಲೇಜಿನ ಹತ್ತಿರವೇ ಒಂದು ಕೋಣೆ ಹಿಡಿಯಿರಿ. ಬಾಡಿಗೆ ದುಬಾರಿ ಎನಿಸಬಹುದು, ಆದರೆ ಮೊದಲ ವರ್ಷ ನಿದ್ದೆಗೆಟ್ಟು ಬಿಟ್ಟುಹೋದ ಸೀಟಿನ ಶುಲ್ಕಕ್ಕಿಂತ ಅಗ್ಗ. ಎರಡನೇ ವರ್ಷದ ಇಂಟರ್ನ್‌ಶಿಪ್ಪನ್ನು ತೆಕ್ಕಲಕೋಟೆಯಲ್ಲೋ ಸಿರುಗುಪ್ಪದಲ್ಲೋ ತವರಿನ ಹತ್ತಿರದ ಶಾಲೆಯಲ್ಲಿ ಮಾಡಲು ಕಾಲೇಜು ಒಪ್ಪಿದರೆ ಕೋಣೆ ಬಿಟ್ಟು ಮನೆಗೆ ಮರಳಬಹುದು. ಶಾಲೆ ಹಂಚುವ ಪಟ್ಟಿ ತಯಾರಾದ ಮೇಲೆ ಕೇಳಿದರೆ ಯಾರೂ ಬದಲಿಸುವುದಿಲ್ಲ. ಎರಡನೇ ಸೆಮಿಸ್ಟರ್ ಮುಗಿಯುವಾಗಲೇ ಪ್ರಾಂಶುಪಾಲರಿಗೆ ಅರ್ಜಿ ಕೊಡಿ.

2023ರ ಜೂನ್ 11ರಿಂದ ಜಾರಿಯಲ್ಲಿರುವ, ಹೆಣ್ಣುಮಕ್ಕಳ ಉಚಿತ ಪ್ರಯಾಣದ ಶಕ್ತಿ ಯೋಜನೆಯಿಂದ ಕಲ್ಯಾಣ ಕರ್ನಾಟಕ ಸಾರಿಗೆಯ ಸಾಮಾನ್ಯ ಮತ್ತು ಎಕ್ಸ್‌ಪ್ರೆಸ್ ಬಸ್ಸುಗಳಲ್ಲಿ ಟಿಕೆಟಿನ ಚಿಂತೆ ಇಲ್ಲ. ಆದರೆ ಗುರುತಿನ ಚೀಟಿಯಲ್ಲಿ ಕರ್ನಾಟಕದ ವಿಳಾಸ ಇರಬೇಕು. ಆದವಾನಿ, ಆಲೂರು, ರಾಯದುರ್ಗದ ಕಡೆಗೆ ಮದುವೆಯಾಗಿ ಹೋಗಿ ಆಧಾರ್ ವಿಳಾಸ ಆಂಧ್ರದ್ದಾಗಿದ್ದರೆ ಕಂಡಕ್ಟರ್ ಟಿಕೆಟ್ ಹರಿಯುತ್ತಾರೆ. 1953ರ ಅಕ್ಟೋಬರಿನವರೆಗೆ ಆ ಮೂರೂ ತಾಲ್ಲೂಕು ಬಳ್ಳಾರಿ ಜಿಲ್ಲೆಯವೇ ಆಗಿದ್ದವು. ಕೊಡುಕೊಳ್ಳುವಿಕೆ ಇಂದಿಗೂ ನಿಂತಿಲ್ಲ, ಕಾಗದಪತ್ರದ ತೊಡಕೂ ನಿಂತಿಲ್ಲ.

ಇನ್ನು ಕೂಸಿನ ವಿಷಯ. ಮೂರು ದಾಟಿದ ಮಗುವಿಗೆ ಅಂಗನವಾಡಿ ಇದೆ, ಆದರೆ ಅದು ನಿಮ್ಮ ಕಾಲೇಜಿಗಿಂತ ಮೊದಲೇ ಬಿಡುತ್ತದೆ. ಮೂರರೊಳಗಿನ ಮಕ್ಕಳಿಗೆ ಗ್ರಾಮ ಪಂಚಾಯಿತಿಗಳಲ್ಲಿ 'ಕೂಸಿನ ಮನೆ' ಎಂಬ ಶಿಶುಪಾಲನಾ ಕೇಂದ್ರಗಳನ್ನು ಸರ್ಕಾರ ತೆರೆದಿದೆ. ನರೇಗಾ ಕೂಲಿಕಾರರ ಮಕ್ಕಳನ್ನು ಮುಖ್ಯವಾಗಿ ಮನಸ್ಸಿನಲ್ಲಿಟ್ಟು ಮಾಡಿದ್ದಾದರೂ ಹೊರಗೆ ದುಡಿಯುವ ಇತರ ತಾಯಂದಿರ ಮಕ್ಕಳಿಗೂ ಅವಕಾಶವಿದೆ. ನಿಮ್ಮ ಪಂಚಾಯಿತಿಯಲ್ಲಿ ಅದು ಬಾಗಿಲು ತೆರೆದಿದೆಯೋ ಇಲ್ಲವೋ ಎನ್ನುವುದನ್ನು ಫಲಕ ನೋಡಿ ನಂಬದೆ ಬೆಳಿಗ್ಗೆ ಹತ್ತಕ್ಕೆ ಹೋಗಿ ಕಣ್ಣಾರೆ ನೋಡಿ ಬನ್ನಿ. ಹೆಚ್ಚಿನವರಿಗೆ ಕೊನೆಗೆ ಒದಗುವುದು ಅಜ್ಜಿಯೇ. ಹಾಗಿದ್ದರೆ ಅಜ್ಜಿಯ ದುಡಿಮೆಗೂ ಬೆಲೆ ಕಟ್ಟಿ. ನಾಟಿ, ಕಳೆ ತೆಗೆಯುವ ದಿನಗಳಲ್ಲಿ ಸಿರುಗುಪ್ಪದ ಕಡೆ ಹೆಣ್ಣಾಳಿಗೆ ಒಳ್ಳೆಯ ಕೂಲಿ ಇರುತ್ತದೆ. ಕೂಸಿಗಾಗಿ ಅವ್ವ ಅದನ್ನು ಬಿಟ್ಟು ಕೂತರೆ ಮನೆಯಲ್ಲಿ ಅಣ್ಣ, ಅತ್ತಿಗೆಯರ ಗೊಣಗಾಟ ಶುರುವಾಗುವುದು ಅಲ್ಲಿಂದಲೇ. ಜೀವನಾಂಶವೋ ವಿದ್ಯಾರ್ಥಿವೇತನವೋ ಯಾವುದು ಬಂದರೂ ಅದರಲ್ಲಿ ಅವ್ವನಿಗೆ ತಿಂಗಳಿಗಿಷ್ಟು ಎಂದು ಕೈಗಿಡುವುದು ಮನೆಯ ನೆಮ್ಮದಿಗೆ ಒಳ್ಳೆಯದು.

ಹಾಲುಣಿಸುವ ತಾಯಂದಿರು ಹಾಲು ಹಿಂಡಿಟ್ಟು ಹೋಗಬಹುದು. ಆದರೆ ಹೊರಗಿಟ್ಟ ಹಾಲು ನಾಲ್ಕು ತಾಸು ಕೆಡುವುದಿಲ್ಲ ಎಂಬ ಪುಸ್ತಕದ ಮಾತು ಕೋಣೆ 25 ಡಿಗ್ರಿಯೊಳಗೆ ತಂಪಿದ್ದರೆ ಮಾತ್ರ. ಏಪ್ರಿಲ್‌ನಲ್ಲಿ 40 ದಾಟುವ ಬಳ್ಳಾರಿಯಲ್ಲಿ ಅದು ಸುಳ್ಳು. ಹಿಂಡಿದ ಕೂಡಲೇ ಫ್ರಿಜ್ಜಿಗೆ ಸೇರಿಸಿ, ಅಲ್ಲಿ ನಾಲ್ಕು ದಿನದವರೆಗೆ ಇಡಬಹುದು. ಕಾಲೇಜಿನಲ್ಲಿ ಹಾಲು ಹಿಂಡಲು ಬೀಗ ಹಾಕಬಹುದಾದ ಒಂದು ಕೋಣೆ ಕೇಳಲು ಸಂಕೋಚ ಬೇಡ.

ಗಂಗಾಮೂಲದಿಂದ ವಾಂಟೇಜ್‌ಗೆ

ಕೂಸನ್ನು ಕಟ್ಟಿಕೊಂಡು ಓದುವ ಈ ದಾರಿ ಹೊಸದೇನಲ್ಲ. ಸಮಾಜ ಸುಧಾರಕಿ ಪಂಡಿತಾ ರಮಾಬಾಯಿ ಹುಟ್ಟಿದ್ದು 1858ರಲ್ಲಿ, ನಮ್ಮದೇ ಪಶ್ಚಿಮಘಟ್ಟದ ಗಂಗಾಮೂಲದಲ್ಲಿ. ತಂದೆ ಅನಂತಶಾಸ್ತ್ರಿ ಡೋಂಗ್ರೆ ಕಾರ್ಕಳ ಸಮೀಪದ ಮಾಳದವರು. 1881ರಲ್ಲಿ ಮಗಳು ಮನೋರಮಾ ಹುಟ್ಟಿದಳು, ಮರುವರ್ಷವೇ ಗಂಡ ತೀರಿಕೊಂಡರು. 1883ರಲ್ಲಿ ಆ ಎಳೆ ಮಗುವನ್ನು ಕರೆದುಕೊಂಡು ಇಂಗ್ಲೆಂಡಿನ ವಾಂಟೇಜ್‌ಗೆ ಹೋದರು. ವೈದ್ಯೆಯಾಗುವ ಆಸೆಯಿತ್ತು, ಕಿವಿ ಮಂದವಾಗಿ ಅದು ಕೈತಪ್ಪಿತು. ಜೊತೆಗೆ ಹೋಗಿದ್ದ ಗೆಳತಿ ಆನಂದಿಬಾಯಿ ಭಗತ್ ಅಲ್ಲೇ ಆತ್ಮಹತ್ಯೆ ಮಾಡಿಕೊಂಡರು. ಇಷ್ಟರ ನಡುವೆ ರಮಾಬಾಯಿ ಚೆಲ್ಟನ್‌ಹ್ಯಾಮ್ ಮಹಿಳಾ ಕಾಲೇಜಿನಲ್ಲಿ ಸಂಸ್ಕೃತ ಕಲಿಸುತ್ತ, ತಾವು ಗಣಿತ, ವಿಜ್ಞಾನ ಕಲಿತರು. 1886ರಲ್ಲಿ ಅಮೆರಿಕಕ್ಕೆ ಹೋಗಿ ಕಿಂಡರ್‌ಗಾರ್ಟನ್ ಬೋಧನೆಯ ತರಬೇತಿ ಪಡೆದರು. ಆ ಹೊತ್ತಿನಲ್ಲಿ ಮಗಳನ್ನು ವಾಂಟೇಜ್‌ನ ಸಂನ್ಯಾಸಿನಿಯರ ಬಳಿ ಬಿಟ್ಟಿರಬೇಕಾಯಿತು. 1889ರಲ್ಲಿ ಮುಂಬೈಯಲ್ಲಿ ವಿಧವೆಯರ ಶಾಲೆ ಶಾರದಾ ಸದನ ತೆರೆದರು. ಆ ಮಗಳು ಮನೋರಮಾ ಮುಂದೆ ತಾಯಿಯ ಶಾಲೆಗಳನ್ನು ನಡೆಸಿದ್ದಲ್ಲದೆ ಗುಲಬರ್ಗಾದಲ್ಲೂ ಶಾಲೆ ಕಟ್ಟಲು ಕೈಹಾಕಿದಳು.

ಮಗುವನ್ನು ಕೆಲಕಾಲ ಬೇರೆಯವರ ಕೈಯಲ್ಲಿ ಬಿಟ್ಟು ಓದಿದ ತಾಯಿಯನ್ನು ಅಂದಿನ ಜನ ಬೈದರು. ಇಂದಿನ ಜನವೂ ಬೈಯುತ್ತಾರೆ. ಬೈಯುವವರಲ್ಲಿ ಎಷ್ಟು ಮಂದಿ ಕೂಸನ್ನು ಅರ್ಧ ದಿನ ನೋಡಿಕೊಳ್ಳಲು ಮುಂದೆ ಬರುತ್ತಾರೆ ಎಂದು ಒಮ್ಮೆ ಕೇಳಿ ನೋಡಿ.

ಕಾಗದಪತ್ರ

ಪರದೇಶದಿಂದ ಬಂದವರು ಎಲ್ಲಕ್ಕಿಂತ ಮೊದಲು ಮಾಡಬೇಕಾದದ್ದು ಆಧಾರ್‌ಗೆ ಈಗ ಬಳಸುವ ಮೊಬೈಲ್ ನಂಬರ್ ಜೋಡಿಸುವುದು. ಹಳೆಯ ಸಿಮ್ ರೀಚಾರ್ಜ್ ಇಲ್ಲದೆ ಸತ್ತು, ಆ ನಂಬರ್ ಬೇರೆ ಯಾರದ್ದೋ ಕೈಯಲ್ಲಿರುತ್ತದೆ. ಸೇವಾಸಿಂಧು ಇರಲಿ, ವಿದ್ಯಾರ್ಥಿವೇತನದ ಎಸ್‌ಎಸ್‌ಪಿ ಪೋರ್ಟಲ್ ಇರಲಿ, ಒಟಿಪಿ ಬಾರದೆ ಒಂದು ಹೆಜ್ಜೆ ಮುಂದಿಡಲಾಗದು. ಬ್ಯಾಂಕ್ ಖಾತೆಗೂ ಆಧಾರ್ ಜೋಡಣೆಯಾಗಿರಬೇಕು. ಇಲ್ಲದಿದ್ದರೆ ವಿದ್ಯಾರ್ಥಿವೇತನ ಮಂಜೂರಾದರೂ ಹಣ ಬಂದು ಸೇರುವುದಿಲ್ಲ.

ಹೆಸರಿನ ತಂಟೆ ಎರಡನೆಯದು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ತಂದೆಯ ಇನಿಷಿಯಲ್, ಪಾಸ್‌ಪೋರ್ಟಿನಲ್ಲಿ ಗಂಡನ ಮನೆತನ, ಆಧಾರ್‌ನಲ್ಲಿ ಇನ್ನೊಂದು. ಎಸ್ಸೆಸ್ಸೆಲ್ಸಿಯ ಹೆಸರನ್ನೇ ತಾಯಿಬೇರು ಎಂದು ಹಿಡಿದು ಉಳಿದದ್ದನ್ನು ಅದಕ್ಕೆ ಹೊಂದಿಸಿ. 2010ರಲ್ಲಿ ಬಳ್ಳಾರಿಗೆ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯ ಬರುವ ಮುನ್ನ ಪದವಿ ಮಾಡಿದವರ ಅಂಕಪಟ್ಟಿ ಗುಲಬರ್ಗಾ ವಿಶ್ವವಿದ್ಯಾಲಯದ್ದು. ಕಳೆದುಹೋಗಿದ್ದರೆ ನಕಲಿಗಾಗಿ ಕಲಬುರಗಿಗೇ ಹೋಗಬೇಕು, ಅದಕ್ಕೆ ಸಮಯ ಇಟ್ಟುಕೊಳ್ಳಿ.

ಜಾತಿ ಮತ್ತು ಆದಾಯ ಪ್ರಮಾಣ ಪತ್ರವನ್ನು ತಂದೆಯ ಹೆಸರಿನಲ್ಲಿ ಮಾಡಿಸಬೇಕೋ ಗಂಡನ ಹೆಸರಿನಲ್ಲೋ? ಈ ಪ್ರಶ್ನೆ ಚಿಕ್ಕದೆಂದು ತಿಳಿಯಬೇಡಿ. 2022ರಲ್ಲಿ ಕರೆದ 15 ಸಾವಿರ ಪದವೀಧರ ಪ್ರಾಥಮಿಕ ಶಿಕ್ಷಕರ ನೇಮಕಾತಿಯಲ್ಲಿ ತಂದೆಯ ಹೆಸರಿನ ಪತ್ರ ಕೊಟ್ಟ ವಿವಾಹಿತ ಮಹಿಳೆಯರ ಮೀಸಲಾತಿಯನ್ನು ಒಪ್ಪದೆ ಹೋದದ್ದರಿಂದ ವಿವಾದ ಹೈಕೋರ್ಟ್ ಮೆಟ್ಟಿಲೇರಿ ಇಡೀ ಆಯ್ಕೆಪಟ್ಟಿಯೇ ತೂಗುಯ್ಯಾಲೆಯಲ್ಲಿ ನಿಂತಿತ್ತು. ಆದ್ದರಿಂದ ಅಧಿಸೂಚನೆಯ ಆ ಸಾಲನ್ನು ನೀವೇ ಓದಿ, ಸೈಬರ್ ಸೆಂಟರಿನವನ ಮಾತಿಗೆ ಬಿಡಬೇಡಿ. ವಿಚ್ಛೇದನ ಆದವರು ಡಿಕ್ರಿಯ ದೃಢೀಕೃತ ಪ್ರತಿ ಇಟ್ಟುಕೊಂಡಿರಿ.

ಬಳ್ಳಾರಿ ಜಿಲ್ಲೆಯವರಿಗೆ ಸಂವಿಧಾನದ 371ಜೆ ವಿಧಿಯ ಮೀಸಲಾತಿ ಇದೆ. 'ಸಿ' ಗುಂಪಿನ ಸ್ಥಳೀಯ ವೃಂದದ ಹುದ್ದೆಗಳಲ್ಲಿ ಶೇ 80 ನಮ್ಮ ಭಾಗದವರಿಗೆ ಮೀಸಲು. ಆ 15 ಸಾವಿರದಲ್ಲೂ 5 ಸಾವಿರ ಹುದ್ದೆ ಕಲ್ಯಾಣ ಕರ್ನಾಟಕದ್ದೇ ಆಗಿದ್ದವು. ಇದರ ಅರ್ಹತಾ ಪತ್ರ ಕೊಡುವುದು ಉಪವಿಭಾಗದ ಸಹಾಯಕ ಆಯುಕ್ತರ ಕಚೇರಿ. ಪರದೇಶದಲ್ಲಿ ವರ್ಷಗಟ್ಟಲೆ ಇದ್ದವರು ಹಳೆಯ ವ್ಯಾಸಂಗ ಪ್ರಮಾಣ ಪತ್ರಗಳನ್ನು ಜೋಪಾನ ಮಾಡಿರಬೇಕು, ಹುಟ್ಟಿದ ಮತ್ತು ಬೆಳೆದ ಊರಿಗೆ ಅವೇ ಸಾಕ್ಷಿ. 1ರಿಂದ 10ನೇ ತರಗತಿವರೆಗೆ ಹಳ್ಳಿಯಲ್ಲಿ ಓದಿದ್ದರೆ ಗ್ರಾಮೀಣ, ಕನ್ನಡದಲ್ಲಿ ಓದಿದ್ದರೆ ಕನ್ನಡ ಮಾಧ್ಯಮ ಮೀಸಲಾತಿಯೂ ಉಂಟು. ಅದಕ್ಕೆ ಓದಿದ ಶಾಲೆಯ ಮುಖ್ಯೋಪಾಧ್ಯಾಯರ ಸಹಿ, ಗ್ರಾಮೀಣ ಪತ್ರಕ್ಕೆ ಕ್ಷೇತ್ರ ಶಿಕ್ಷಣಾಧಿಕಾರಿಯ (ಬಿಇಒ) ಮೇಲುಸಹಿ ಬೇಕು. ಬೇಸಿಗೆಯಲ್ಲಿ ಈ ಕೆಲಸಕ್ಕೆ ಹೊರಟರೆ ನೆನಪಿರಲಿ, ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ನಮ್ಮ ಭಾಗದ ಕಚೇರಿಗಳು ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1.30ಕ್ಕೆ ಮುಚ್ಚುತ್ತವೆ. ಊಟ ಮಾಡಿಕೊಂಡು ಹೋದವರಿಗೆ ಸಿಗುವುದು ಬೀಗ.

ಮಗು ಪರದೇಶದಲ್ಲಿ ಹುಟ್ಟಿದ್ದರೆ ಜನನ ನೋಂದಣಿ ಕಾಯ್ದೆಯ 20ನೇ ಕಲಂ ನೋಡಿ. ಅಲ್ಲಿನ ನಮ್ಮ ರಾಯಭಾರ ಕಚೇರಿಯಲ್ಲಿ ನೋಂದಣಿಯಾಗಿಲ್ಲದ ಭಾರತೀಯ ಮಗುವಿನ ಜನನವನ್ನು, ಇಲ್ಲಿ ನೆಲೆಸಲು ಬಂದವರು ಮಗು ಬಂದ 60 ದಿನದೊಳಗೆ ಇಲ್ಲಿಯೇ ನೋಂದಾಯಿಸಬಹುದು. ಮಗು ಆ ದೇಶದ ಪ್ರಜೆಯಾಗಿದ್ದರೆ ಸಾಗರೋತ್ತರ ಭಾರತೀಯ ನಾಗರಿಕರ (ಒಸಿಐ) ಕಾರ್ಡಿನ ದಾರಿ ಬೇರೆ.

ಸಂಸಾರ ಮುರಿದುಬಿದ್ದವರಿಗೆ

ಕಾನೂನಿನ ಕೆಲಸವನ್ನೂ ಓದನ್ನೂ ಒಂದೇ ವರ್ಷ ಮಾಡುವುದು ಕಷ್ಟ, ಆದರೆ ಕೆಲವನ್ನು ತಡಮಾಡುವಂತಿಲ್ಲ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಂ, ಅಂದರೆ ಹಿಂದಿನ ಸಂಹಿತೆಯ 125ನೇ ಕಲಂ, ಅಡಿಯಲ್ಲಿ ನಿಮಗೂ ಮಗುವಿಗೂ ಜೀವನಾಂಶ ಕೇಳಿ ನೀವಿರುವ ಊರಿನ ವ್ಯಾಪ್ತಿಯಲ್ಲೇ ಅರ್ಜಿ ಹಾಕಬಹುದು. ಗಂಡ ಕುವೈತ್‌ನಲ್ಲಿದ್ದರೆ ಅಲ್ಲಿಗೆ ಹೋಗಿ ಕೇಸು ಹಾಕಬೇಕಿಲ್ಲ. ಮಧ್ಯಂತರ ಜೀವನಾಂಶದ ಅರ್ಜಿಯನ್ನು ನೋಟಿಸ್ ತಲುಪಿದ 60 ದಿನದಲ್ಲಿ ಸಾಧ್ಯವಾದಷ್ಟು ಮಟ್ಟಿಗೆ ತೀರ್ಮಾನಿಸಬೇಕೆಂದು ಕಾನೂನೇ ಹೇಳುತ್ತದೆ. ಅರ್ಜಿಯಲ್ಲಿ ಬಿ.ಇಡಿ. ಶುಲ್ಕ, ಕೋಣೆಯ ಬಾಡಿಗೆ ಎಲ್ಲ ಬರೆಯಿರಿ. ವಕೀಲರ ಫೀಸಿಗೆ ಹಣವಿಲ್ಲದಿದ್ದರೆ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ; ಮಹಿಳೆಯರಿಗೆ ಆದಾಯ ಎಷ್ಟೇ ಇರಲಿ ಉಚಿತ ನೆರವು ಸಿಗುತ್ತದೆ. ಸಹಾಯವಾಣಿ 15100. ಗಂಡನ ಕಿರುಕುಳಕ್ಕೆ 181. ಅನಿವಾಸಿ ಗಂಡಂದಿರು ಕೈಬಿಟ್ಟ ಪ್ರಕರಣಗಳಿಗಾಗಿ ರಾಷ್ಟ್ರೀಯ ಮಹಿಳಾ ಆಯೋಗದಲ್ಲಿ 2009ರಿಂದ ಪ್ರತ್ಯೇಕ ವಿಭಾಗವಿದೆ.

ಇನ್ನೂ ಪರದೇಶದಲ್ಲೇ ಇದ್ದು, ಮಗುವನ್ನು ಕರೆದುಕೊಂಡು ಹೇಳದೆ ಹೊರಟುಬಿಡೋಣ ಎಂದು ಯೋಚಿಸುತ್ತಿರುವವರು ಒಂದು ಕ್ಷಣ ನಿಲ್ಲಿ. ಮಕ್ಕಳ ಅಂತರರಾಷ್ಟ್ರೀಯ ಅಪಹರಣ ಕುರಿತ 1980ರ ಹೇಗ್ ಒಪ್ಪಂದಕ್ಕೆ ಭಾರತ ಸಹಿ ಹಾಕಿಲ್ಲ, ನಿಜ. ಆದರೂ ಅಲ್ಲಿನ ಕೋರ್ಟು ನಿಮ್ಮ ವಿರುದ್ಧ ಆದೇಶ ಮಾಡಬಹುದು. ಹೊರಡುವ ಮೊದಲು ಆ ದೇಶದ ವಕೀಲರೊಬ್ಬರನ್ನು ಕೇಳಿ.

ಕಾಲೇಜಿನಲ್ಲಿ ನಿಮ್ಮ ಕಥೆಯನ್ನು ಎಲ್ಲರಿಗೂ ಹೇಳಬೇಕಿಲ್ಲ. ಪ್ರಾಂಶುಪಾಲರಿಗೆ, ಇನ್ನೊಬ್ಬ ಮೇಡಂಗೆ, ಪಕ್ಕದಲ್ಲಿ ಕೂರುವ ಗೆಳತಿಗೆ ಹೇಳಿದರೆ ಸಾಕು. ಹೇಳದೇ ಇದ್ದರೆ ಮಾತ್ರ ಮೇಷ್ಟ್ರು ಕೂತು ವಿಮರ್ಶೆ ಮಾಡುವ ಕ್ರಿಟಿಸಿಸಂ ಪಾಠದ ಬೆಳಿಗ್ಗೆ ಮಗುವಿಗೆ ಜ್ವರ ಬಂದಾಗ ಫೋನ್ ಮಾಡಲು ಯಾರೂ ಇರುವುದಿಲ್ಲ.

ರೆಕಾರ್ಡು ಬರೆಯುವ ರಾತ್ರಿಗಳು

ಬಿ.ಇಡಿ.ಯಲ್ಲಿ ಓದಿಗಿಂತ ಬರೆಯುವುದು ಹೆಚ್ಚು. ಮೈಕ್ರೋ ಟೀಚಿಂಗ್, ಪಾಠಟಿಪ್ಪಣಿ, ಘಟಕ ಪರೀಕ್ಷೆ, ಚಾರ್ಟು, ಮಾದರಿ. ಕೂಸು ಮಲಗಿದ ಮೇಲೆ ಎರಡು ತಾಸು ಸಿಕ್ಕರೆ ಪುಣ್ಯ. ಆದ್ದರಿಂದ ಒಂದೇ ಘಟಕವನ್ನು ಆರಿಸಿ ಪಾಠಟಿಪ್ಪಣಿ, ಬೋಧನೋಪಕರಣ, ಪ್ರಶ್ನೆಪತ್ರಿಕೆ, ಅಸೈನ್‌ಮೆಂಟ್ ಎಲ್ಲವನ್ನೂ ಅದರ ಸುತ್ತಲೇ ಹೆಣೆಯಿರಿ, ಮೇಷ್ಟ್ರು ಒಪ್ಪುವ ಮಟ್ಟಿಗೆ. ದುಡ್ಡು ಕೊಟ್ಟು ರೆಕಾರ್ಡು ಬರೆಸಬೇಡಿ. ಬಾಲ್ಯ ಮತ್ತು ಬೆಳವಣಿಗೆಯ ಪತ್ರಿಕೆಗೆ ಉಳಿದವರು ಪುಸ್ತಕದಿಂದ ಮನಶ್ಶಾಸ್ತ್ರಜ್ಞ ಪಿಯಾಜೆಯನ್ನು ನಕಲು ಮಾಡುವಾಗ ನಿಮ್ಮ ಮಗುವೇ ನಿಮ್ಮ ಕಣ್ಣೆದುರು ಬಚ್ಚಿಟ್ಟ ಆಟಿಕೆ ಹುಡುಕುತ್ತಿರುತ್ತದೆ. ಬರೆದುಕೊಳ್ಳಿ.

ಪರದೇಶದ ವರ್ಷಗಳೂ ವ್ಯರ್ಥವಾಗಿಲ್ಲ. ಸಿರುಗುಪ್ಪದ ತರಗತಿಯಲ್ಲಿ ಮನೆಯಲ್ಲಿ ತೆಲುಗು, ಉರ್ದು, ಲಂಬಾಣಿ ಆಡುವ ಮಕ್ಕಳು ಒಂದೇ ಬೆಂಚಿನಲ್ಲಿ ಕೂರುತ್ತಾರೆ. ಪಾಠ ಅರ್ಥವಾಗದೆ ಸುಮ್ಮನೆ ತಲೆಯಾಡಿಸುವ ಮಗುವನ್ನು ಗುರುತಿಸಲು, ಬೇರೆ ದೇಶದ ಆಸ್ಪತ್ರೆಯಲ್ಲಿ ಹಾಗೆಯೇ ತಲೆಯಾಡಿಸಿ ಬಂದ ತಾಯಿಗೆ ಯಾರೂ ಕಲಿಸಬೇಕಿಲ್ಲ.

ಪರದೇಶದಲ್ಲೇ ಇರುವವರಿಗೆ ಎರಡು ಮಾತು

ಅಮೆರಿಕದಲ್ಲಿ ಉದ್ಯೋಗಿಯ ಸಂಗಾತಿಗೆ ಸಿಗುವ ಎಚ್-4 ವೀಸಾದ ಮೇಲೆ ಓದಬಹುದು, ಆದರೆ ಪ್ರತ್ಯೇಕ ಅನುಮತಿ ಇಲ್ಲದೆ ದುಡಿಯುವಂತಿಲ್ಲ. ಇಂಗ್ಲೆಂಡು 2023ರ ಫೆಬ್ರವರಿಯಿಂದ ಭಾರತದಲ್ಲಿ ತರಬೇತಿ ಪಡೆದ ಗಣಿತ, ವಿಜ್ಞಾನ, ಭಾಷಾ ಶಿಕ್ಷಕರಿಗೆ ತನ್ನ ಅರ್ಹ ಶಿಕ್ಷಕ ಮಾನ್ಯತೆಗೆ ಅರ್ಜಿ ಹಾಕಲು ಅವಕಾಶ ಕೊಟ್ಟಿದೆ. ಬಿ.ಇಡಿ. ಇಲ್ಲಿ ಮುಗಿಸಿ ಹೋದವರಿಗೆ ಅದು ಉಪಯೋಗಕ್ಕೆ ಬರುತ್ತದೆ. ಯುಎಇ, ಕತಾರ್, ಕುವೈತ್‌ಗಳಲ್ಲಿ ಅಪೋಸ್ಟಿಲ್ ಎಂಬ ಒಂದೇ ಮೊಹರಿನ ದೃಢೀಕರಣ ನಡೆಯುವುದಿಲ್ಲ. ಪದವಿ ಪತ್ರಕ್ಕೆ ರಾಜ್ಯದ, ನಂತರ ವಿದೇಶಾಂಗ ಸಚಿವಾಲಯದ, ಕೊನೆಗೆ ಆ ದೇಶದ ರಾಯಭಾರ ಕಚೇರಿಯ ಮೊಹರು ಬೀಳಬೇಕು. ಆನ್‌ಲೈನ್ ಮಾಂಟೆಸ್ಸರಿ ಡಿಪ್ಲೊಮಾಗಳಿಗೆ ನಮ್ಮ ಸರ್ಕಾರಿ ನೇಮಕಾತಿಯಲ್ಲಿ ಬೆಲೆಯಿಲ್ಲ. ಅದರ ಬದಲು ಅಮೆರಿಕದ ಕನ್ನಡ ಅಕಾಡೆಮಿಯದೋ ದುಬೈನ ಕನ್ನಡ ಪಾಠಶಾಲೆಯದೋ ವಾರಾಂತ್ಯದ ತರಗತಿಯಲ್ಲಿ ಕಲಿಸಿ ನೋಡಿ. ಸಂಬಳವಿಲ್ಲ, ಆದರೆ ಮೇಷ್ಟ್ರ ಕೆಲಸ ನಿಮಗೆ ಒಗ್ಗುತ್ತದೆಯೇ ಎಂಬುದು ಬಿ.ಇಡಿ.ಗೆ ಹಣ ಸುರಿಯುವ ಮೊದಲೇ ತಿಳಿಯುತ್ತದೆ.

ಇನ್ನು ಇಲ್ಲೇ ಓದುವವರಿಗೆ ಕೊನೆಯ ಮಾತು: ಬಿ.ಇಡಿ. ಮುಗಿದ ಮಾರನೆಯ ದಿನವೇ ಸರ್ಕಾರಿ ನೌಕರಿ ಸಿಗುವುದಿಲ್ಲ. ನೇಮಕಾತಿ ವರ್ಷಗಟ್ಟಲೆ ತಡವಾಗುತ್ತದೆ, ಕೋರ್ಟಿಗೆ ಹೋಗುತ್ತದೆ. ನಡುವಿನ ವರ್ಷಗಳಿಗೆ ಖಾಸಗಿ ಶಾಲೆ ಇದೆ, ಸರ್ಕಾರಿ ಶಾಲೆಯ ಅತಿಥಿ ಶಿಕ್ಷಕಿಯ ಕೆಲಸ ಇದೆ. ಅತಿಥಿ ಶಿಕ್ಷಕರನ್ನು ತೆಗೆದುಕೊಳ್ಳುವುದು ಶಾಲೆ ಶುರುವಾಗುವ ದಿನಗಳಲ್ಲಿ, ಆಯಾ ಶಾಲೆಯ ಹಂತದಲ್ಲೇ. ಮೇ ತಿಂಗಳ ಕೊನೆಯಲ್ಲೇ ಸುತ್ತಲಿನ ಶಾಲೆಗಳ ಮುಖ್ಯೋಪಾಧ್ಯಾಯರನ್ನು ಕಂಡು, ನಿಮ್ಮ ವಿಷಯದಲ್ಲಿ ಹುದ್ದೆ ಖಾಲಿ ಇದೆಯೇ ಕೇಳಿ, ಅಂಕಪಟ್ಟಿಯ ನಕಲನ್ನೂ ಫೋನ್ ನಂಬರನ್ನೂ ಕೊಟ್ಟು ಬನ್ನಿ.